ಜೀನ್ ಸೇರಿಸಿದರೆ ಇನ್ಸುಲಿನ್ ಬಂದುಬಿಡುತ್ತದೆಯೇ?

ಮನುಷ್ಯನ ಜೀನ್ ಸೇರಿಸಿದ ಕೂಡಲೇ ಬ್ಯಾಕ್ಟೀರಿಯಾ ಇನ್ಸುಲಿನ್ ಕೊಟ್ಟುಬಿಡುತ್ತದೆಯೇ, ಚುಚ್ಚಿಕೊಳ್ಳುವ ಔಷಧಿಯಲ್ಲಿ ಬ್ಯಾಕ್ಟೀರಿಯಾ ಉಳಿದಿರುವುದಿಲ್ಲವೇ ಎಂದು ಕೇಳಿದ್ದೀರಿ. ಒಳ್ಳೆ ಪ್ರಶ್ನೆಗಳು.

ಮೊದಲನೆಯದು ಅಷ್ಟು ಸಲೀಸಲ್ಲ. ಇನ್ಸುಲಿನ್‌ನಲ್ಲಿ ಎರಡು ಸರಪಳಿಗಳಿವೆ. ಒಂದರಲ್ಲಿ 21 ಅಮೈನೋ ಆಮ್ಲ (ಪ್ರೋಟೀನ್ ಸರಪಳಿಯ ಒಂದೊಂದು ಮಣಿ), ಇನ್ನೊಂದರಲ್ಲಿ 30. ಎರಡನ್ನೂ ಗಂಧಕದ ಕೊಂಡಿಗಳು ಹಿಡಿದಿಟ್ಟಿರುತ್ತವೆ. ಕೊಂಡಿ ತಪ್ಪು ಜಾಗದಲ್ಲಿ ಬಿದ್ದರೆ ಸರಪಳಿ ಇದ್ದೂ ಉಪಯೋಗವಿಲ್ಲ, ರಕ್ತದ ಸಕ್ಕರೆ ಇಳಿಯುವುದಿಲ್ಲ. ಇ. ಕೋಲಿ ಬ್ಯಾಕ್ಟೀರಿಯಾದ ಒಳಗೆ ಈ ಕೊಂಡಿಗಳು ಸರಿಯಾಗಿ ಬೀಳುವುದೇ ಕಷ್ಟ. ಸಾಲದ್ದಕ್ಕೆ, ಇಷ್ಟು ಚಿಕ್ಕ ಸರಪಳಿ ಸಿಕ್ಕರೆ ಬ್ಯಾಕ್ಟೀರಿಯಾ ಅದನ್ನು ಕಸವೆಂದುಕೊಂಡು ಚೂರು ಮಾಡಿಬಿಡುತ್ತದೆ.

1978ರಲ್ಲಿ ಕ್ಯಾಲಿಫೋರ್ನಿಯಾದ ಜೆನೆನ್‌ಟೆಕ್ ಕಂಪನಿ ಮತ್ತು ಸಿಟಿ ಆಫ್ ಹೋಪ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಹೂಡಿದ ಉಪಾಯ ನನಗೆ ಇವತ್ತಿಗೂ ತುಂಬಾ ಇಷ್ಟ. ಅವರು ಮನುಷ್ಯನ ದೇಹದಿಂದ ಜೀನ್ ತೆಗೆಯಲೇ ಇಲ್ಲ! ಮನುಷ್ಯನ ಇನ್ಸುಲಿನ್‌ನಲ್ಲಿರುವ ಅಮೈನೋ ಆಮ್ಲಗಳ ಸಾಲು ಆಗಲೇ ಗೊತ್ತಿತ್ತು. ಅದನ್ನು ನೋಡಿಕೊಂಡು ಪ್ರಯೋಗಾಲಯದಲ್ಲೇ ಎರಡು ಜೀನ್ ಕಟ್ಟಿದರು. ಒಂದೊಂದು ಸರಪಳಿಯನ್ನೂ ಬ್ಯಾಕ್ಟೀರಿಯಾದ್ದೇ ಆದ ದೊಡ್ಡ ಪ್ರೋಟೀನ್ ಬೀಟಾ-ಗ್ಯಾಲಕ್ಟೋಸಿಡೇಸ್‌ನ ತುದಿಗೆ ಅಂಟಿಸಿದರು. ದೊಡ್ಡದರ ಜೊತೆ ಚಿಕ್ಕದೂ ಉಳಿಯಿತು. ಆಮೇಲೆ ಬಿಡಿಸುವುದು ಹೇಗೆ? ಅಂಟಿನ ಜಾಗದಲ್ಲಿ ಮೆಥಿಯೊನೀನ್ ಎಂಬ ಅಮೈನೋ ಆಮ್ಲ ಇಟ್ಟಿದ್ದರು. ಸಯನೋಜೆನ್ ಬ್ರೋಮೈಡ್ ಹಾಕಿದರೆ ಮೆಥಿಯೊನೀನ್ ಇರುವಲ್ಲೆಲ್ಲ ಪ್ರೋಟೀನ್ ತುಂಡಾಗುತ್ತದೆ. ಇನ್ಸುಲಿನ್‌ನಲ್ಲಿ ಮೆಥಿಯೊನೀನ್ ಒಂದೂ ಇಲ್ಲ. ದೊಡ್ಡ ಪ್ರೋಟೀನ್ ಚೂರುಚೂರಾಯಿತು, ಇನ್ಸುಲಿನ್ ಸರಪಳಿ ಇಡಿಯಾಗಿ ಕೈಗೆ ಬಂತು. ಎರಡು ಸರಪಳಿಗಳನ್ನು ಬೇರೆ ಬೇರೆ ಬೆಳೆಸಿ, ಕೊನೆಗೆ ಕೂಡಿಸಿದರು. ಹೀಗೆ ಬ್ಯಾಕ್ಟೀರಿಯಾದಿಂದ ಮಾಡಿದ ಇನ್ಸುಲಿನ್, ಎಲಿ ಲಿಲ್ಲಿ ಕಂಪನಿಯ ಹ್ಯೂಮುಲಿನ್‌ಗೆ 1982ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಆಮೇಲೆ ದಾರಿ ಸುಲಭವಾಯಿತು. ಎರಡೂ ಸರಪಳಿ ಒಟ್ಟಿಗೇ ಇರುವ ಪ್ರೊಇನ್ಸುಲಿನ್ ಮಾಡಿಸುತ್ತಾರೆ. ಎರಡನ್ನೂ ಜೋಡಿಸುವ ನಡುವಿನ ತುಂಡು ಇರುವುದರಿಂದ ಸರಪಳಿ ಸರಿಯಾಗಿ ಮಡಚಿಕೊಳ್ಳುತ್ತದೆ, ನಂತರ ಆ ತುಂಡನ್ನು ಕಿಣ್ವದಿಂದ ಕತ್ತರಿಸಿ ತೆಗೆಯುತ್ತಾರೆ. ಆದರೂ ಇ. ಕೋಲಿಯೊಳಗೆ ಅದು ಸಾಮಾನ್ಯವಾಗಿ ಉಂಡೆಗಟ್ಟಿಕೊಂಡೇ ಸಿಗುತ್ತದೆ. ಉಂಡೆ ಕರಗಿಸಿ ಮತ್ತೆ ಮಡಚುವ ಕೆಲಸ ಕಾರ್ಖಾನೆಯದ್ದು. ಈ ತಾಪತ್ರಯ ಬೇಡವೆಂದು ಕೆಲವರು ಯೀಸ್ಟ್ ಬಳಸುತ್ತಾರೆ. ಅದು ಕೊಂಡಿ ಹಾಕಿಯೇ ಹೊರಗೆ ಬಿಡುತ್ತದೆ.

ಇನ್ನು ನಿಮ್ಮ ಎರಡನೇ ಅನುಮಾನ. ಜೀವಕೋಶಗಳನ್ನು ಒಡೆದು, ಹಲವು ಹಂತಗಳಲ್ಲಿ ಶುದ್ಧ ಮಾಡಿ, ಬ್ಯಾಕ್ಟೀರಿಯಾದ ಪ್ರೋಟೀನ್ ಮತ್ತು ವಿಷದ ಅಂಶ ಉಳಿದಿದೆಯಾ ಎಂದು ಪರೀಕ್ಷಿಸಿಯೇ ಬಾಟಲಿಗೆ ತುಂಬುತ್ತಾರೆ. ಬದುಕಿರುವ ಬ್ಯಾಕ್ಟೀರಿಯಾ ಅದರಲ್ಲಿ ಇರುವುದಿಲ್ಲ. ಮೊದಲು ಬಳಸುತ್ತಿದ್ದ ಹಂದಿ ಇನ್ಸುಲಿನ್‌ಗೂ ನಮ್ಮದಕ್ಕೂ ಒಂದು ಅಮೈನೋ ಆಮ್ಲದ ವ್ಯತ್ಯಾಸ, ಹಸುವಿನದ್ದಕ್ಕೆ ಮೂರು. ಹ್ಯೂಮುಲಿನ್‌ನಲ್ಲಿ ಆ ವ್ಯತ್ಯಾಸವೂ ಇಲ್ಲ.