ಊರಿಗೆ ವಿದೇಶಿ ಸೂಪರ್ ಮಾರ್ಕೆಟ್ ಬರುವ ಮೊದಲೇ ನಮ್ಮ ದಿನಸಿ ಅಂಗಡಿಯನ್ನು ಸಾಲ ಮಾಡಿ ಸೂಪರ್ ಮಾರ್ಕೆಟ್ ಮಾಡಬೇಕಾ?

ಬೇಡ. ಸಾಲ ಮಾಡಿಯಂತೂ ಖಂಡಿತ ಬೇಡ.

ಹಾಸನದಲ್ಲಿ ತಂದೆಯ ಕಾಲದ ದಿನಸಿ ಅಂಗಡಿ, ಸ್ವಂತ ಕಟ್ಟಡ, ಮಹಡಿಯೂ ಸೇರಿದರೆ ಎರಡು ಸಾವಿರ ಚದರಡಿ, ಸಾಲ ಕೊಡೋಕೆ ಬ್ಯಾಂಕಿನವರು ರೆಡಿ, ತಂದೆ ಮಾತ್ರ ಒಪ್ತಿಲ್ಲ ಅಂತ ಬರೆದಿದ್ದೀರಿ. ವಾಲ್‌ಮಾರ್ಟ್, ಆಲ್ಡಿ ಥರದ ವಿದೇಶಿ ಸೂಪರ್ ಮಾರ್ಕೆಟ್ ಕಂಪನಿಗಳು ಬೆಳೆದ ದಾರಿಯಲ್ಲೇ ನಾವೂ ಹೋದರೆ ಬಚಾವಾಗಬಹುದಲ್ವಾ ಅಂತ ಕೇಳಿದ್ದೀರಿ. ಊರೂ ಅದೇ, ವಾದವೂ ಅದೇ. ನಾನೂ ನನ್ನ ಅಪ್ಪನ ಹತ್ತಿರ ಇದೇ ವಾದ ಮಾಡಿ ಗೆದ್ದಿದ್ದೆ. ಅವರು ಸೋತದ್ದು ನನಗೆ ಲಕ್ಷಗಟ್ಟಲೆ ನಷ್ಟ ತಂತು.

2012ರ ಸೆಪ್ಟೆಂಬರ್. ಕೇಂದ್ರ ಸರ್ಕಾರ ಚಿಲ್ಲರೆ ವ್ಯಾಪಾರದಲ್ಲಿ ಶೇ. 51ರವರೆಗೆ ವಿದೇಶಿ ಬಂಡವಾಳಕ್ಕೆ ಒಪ್ಪಿಗೆ ಕೊಡ್ತು. ಬಂದ್ ಆಯ್ತು, ಸಾಲಗಾಮೆ ರಸ್ತೆ ಕಡೆಯ ನಾವೂ ಷಟರ್ ಎಳೆದು ಕೂತೆವು. ವಾಲ್‌ಮಾರ್ಟ್ ಬಂತು, ನಮ್ಮ ಕಥೆ ಮುಗೀತು ಅನ್ನೋದೇ ಮಾತು. ಆ ನಿಯಮದಲ್ಲಿ ಏನು ಬರೆದಿದೆ ಅಂತ ನಾವು ಒಬ್ಬರೂ ಓದಿರಲಿಲ್ಲ. ರಾಜ್ಯ ಸರ್ಕಾರ ಒಪ್ಪಬೇಕು, ಅದೂ ಸಾಮಾನ್ಯವಾಗಿ 10 ಲಕ್ಷಕ್ಕಿಂತ ಹೆಚ್ಚು ಜನ ಇರುವ ನಗರಗಳಲ್ಲಿ ಮಾತ್ರ ಅಂತ ಇತ್ತು. 2011ರ ಜನಗಣತಿಯಲ್ಲಿ ಹಾಸನ ನಗರಕ್ಕೆ ಒಂದೂವರೆ ಲಕ್ಷವೂ ಇರಲಿಲ್ಲ.

ನಾವು ಹೆದರಿದ್ದ ಕಂಪನಿಗಳೆಲ್ಲ ಆಮೇಲೆ ಏನಾದವು ನೋಡಿ. ಫ್ರಾನ್ಸಿನ ಕ್ಯಾರೆಫೋರ್ 2010ರಲ್ಲಿ ದೆಹಲಿಯಲ್ಲಿ ಸಗಟು ಮಳಿಗೆ ತೆರೆದು, 2014ರಲ್ಲಿ ಗಂಟುಮೂಟೆ ಕಟ್ಟಿತು. ವಾಲ್‌ಮಾರ್ಟ್ 2013ರಲ್ಲಿ ನಮ್ಮ ದೇಶದ ಭಾರ್ತಿ ಕಂಪನಿಯವರ ಜೊತೆಗಿದ್ದ ಪಾಲುದಾರಿಕೆ ಮುರಿದುಕೊಂಡು ಬರೀ ಸಗಟು ವ್ಯಾಪಾರದಲ್ಲೇ ಉಳೀತು. 2018ರಲ್ಲಿ 1,600 ಕೋಟಿ ಡಾಲರ್ ಹಾಕಿ ಫ್ಲಿಪ್‌ಕಾರ್ಟ್‌ನಲ್ಲಿ ಶೇ. 77ರಷ್ಟು ಪಾಲು ತಗೊಂಡಿತು. ಅವರು ಹಾಸನದ ಬಿ.ಎಂ. ರಸ್ತೆಗೆ ಬರ್ತಾರೆ ಅಂತ ನಾನು ಕಾಯ್ತಾ ಇದ್ದರೆ, ಅವರು ಬಂದದ್ದು ನಮ್ಮ ಗಿರಾಕಿಗಳ ಮೊಬೈಲಿಗೆ. ಜರ್ಮನಿಯ ಸಗಟು ಮಳಿಗೆ ಕಂಪನಿ ಮೆಟ್ರೋ 2003ರಲ್ಲೇ ಬೆಂಗಳೂರಿಗೆ ಬಂದಿತ್ತು. ಅದೂ ಇಲ್ಲಿನ ವ್ಯವಹಾರವನ್ನು 2,850 ಕೋಟಿ ರೂಪಾಯಿಗೆ ರಿಲಯನ್ಸ್‌ಗೆ ಮಾರಿ 2023ರಲ್ಲಿ ಹೊರಟುಹೋಯ್ತು. ಹಾಗಾಗಿ ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲ ಅಂತ ನನ್ನ ಅಭಿಪ್ರಾಯ. ನಿಮ್ಮ ಬೀದಿಗೆ ಬರೋದು ನಮ್ಮ ದೇಶದವರದೇ ಸರಪಳಿ ಮಳಿಗೆ, ಇಲ್ಲಾಂದ್ರೆ ಆ್ಯಪ್.

ಸರಿ, ನಾನು ಮಾಡಿದ್ದು ಕೇಳಿ. ಯಶವಂತಪುರದ ಮೆಟ್ರೋಗೆ ಕಾರ್ಡ್ ಮಾಡಿಸಿಕೊಂಡು ಹೋಗಿ ಬಂದಿದ್ದೆ. ಸೂರಿನವರೆಗೆ ರ‍್ಯಾಕು, ಒಂದೊಂದು ಸಾಮಾನಿಗೂ ಹತ್ತಾರು ನಮೂನೆ. ತಲೆ ತಿರುಗಿಹೋಯ್ತು. ವಾಪಸ್ ಬಂದವನೇ ಅಪ್ಪ ಕೂರುತ್ತಿದ್ದ ಗಲ್ಲಾಪೆಟ್ಟಿಗೆ, ಮರದ ಕೌಂಟರ್, ಬೇಳೆ ಡಬ್ಬಗಳು ಎಲ್ಲ ತೆಗೆಸಿದೆ. ರ‍್ಯಾಕು, ಬುಟ್ಟಿ, ಎ.ಸಿ., ಎರಡು ಬಿಲ್ಲಿಂಗ್ ಕಂಪ್ಯೂಟರ್. ಮುಂಚೆ ಐನೂರು ಆರುನೂರು ಐಟಂ ಇದ್ದ ಅಂಗಡಿಯಲ್ಲಿ ನಾಲ್ಕು ಸಾವಿರಕ್ಕೂ ಮೇಲಾಯ್ತು. ಉದ್ಘಾಟನೆ ದಿನ ಅಪ್ಪ ಒಂದು ಸುತ್ತು ಹಾಕಿ, "ಇದನ್ನೆಲ್ಲ ಯಾರು ತಗೋತಾರೆ?" ಅಂದರು. ನನಗೆ ಸಿಟ್ಟು ಬಂತು.

ತಪ್ಪು ಎಲ್ಲಾಯ್ತು ಅಂತ ಬಿಡಿಸಿ ಹೇಳ್ತೀನಿ. ಸ್ವಲ್ಪ ಉದ್ದವಾದರೂ ಇದನ್ನು ಹಾರಿಸಿಕೊಂಡು ಓದಬೇಡಿ. ಊರಿನವರು ಹೇಳೋ ಕಾರಣಗಳು ಬೇರೆ: ಎ.ಸಿ. ಕರೆಂಟ್ ಬಿಲ್ಲು, ಹುಡುಗರ ಕೈಚಳಕ, ಪಾರ್ಕಿಂಗ್. ಅದೆಲ್ಲ ಇತ್ತು, ಅದರಿಂದ ಅಂಗಡಿ ಮುಳುಗೋದಿಲ್ಲ. ನನ್ನನ್ನು ಮುಳುಗಿಸಿದ್ದು ಐಟಂಗಳ ಸಂಖ್ಯೆ.

ಸೋನಾ ಮಸೂರಿ ಅಕ್ಕಿಯಲ್ಲಿ ನೂರು ರೂಪಾಯಿಗೆ ನಾಲ್ಕು ರೂಪಾಯಿ ಸಿಗುತ್ತೆ ಅಂತ ಇಟ್ಕೊಳ್ಳಿ. ಮೆಯೋನೀಸ್ ಬಾಟಲಿಯಲ್ಲಿ ಇಪ್ಪತ್ತು. ಇಪ್ಪತ್ತು ಬಿಟ್ಟು ನಾಲ್ಕಕ್ಕೆ ಯಾಕೆ ಒದ್ದಾಡಬೇಕು ಅನ್ನೋದು ನನ್ನ ಬುದ್ಧಿವಂತಿಕೆ. ಆದರೆ ಅಕ್ಕಿ ವಾರಕ್ಕೆ ಖಾಲಿಯಾಗುತ್ತೆ. ಅದೇ ನೂರು ರೂಪಾಯಿ ವರ್ಷಕ್ಕೆ ಐವತ್ತು ಸಲ ಸುತ್ತಿ ಇನ್ನೂರು ರೂಪಾಯಿ ದುಡಿಯುತ್ತೆ. ಮೆಯೋನೀಸಿನ ನೂರು ರೂಪಾಯಿ ವರ್ಷಕ್ಕೆ ಎರಡು ಸಲ ಸುತ್ತಿದರೆ ನಲವತ್ತು. ಅದೂ ಡೇಟ್ ಮುಗಿಯೋದರೊಳಗೆ ಹೋದರೆ. ನಾನು ಮಾರ್ಜಿನ್ ನೋಡಿದೆ, ಸುತ್ತು ನೋಡಲಿಲ್ಲ.

ಇದರ ಮೇಲೆ ಉಧಾರಿಯ ಲೆಕ್ಕ ಸೇರಿಸಿ. ನಮ್ಮಲ್ಲಿ ಡಿಸ್ಟ್ರಿಬ್ಯೂಟರ್ ಕೊಡ್ತಿದ್ದದ್ದು ವಾರದ ಗಡುವು, ಹೆಚ್ಚೆಂದರೆ ಎರಡು ವಾರ. ವಾರಕ್ಕೆ ಮಾರಿಹೋಗೋ ಸಾಮಾನಾದರೆ ಗಿರಾಕಿಯ ದುಡ್ಡಲ್ಲೇ ಅವನಿಗೆ ಚೆಕ್ ಕೊಡಬಹುದು. ದೊಡ್ಡ ಕಂಪನಿಗಳ ಬೆಳವಣಿಗೆಯ ಗುಟ್ಟಲ್ಲಿ ಅರ್ಧ ಇದೇ: ಸರಬರಾಜುದಾರನಿಗೆ ದುಡ್ಡು ಕೊಡೋ ದಿನ ಬರೋ ಮೊದಲೇ ಸಾಮಾನು ಮಾರಿ ಮುಗಿದಿರುತ್ತೆ, ಆ ದುಡ್ಡಲ್ಲೇ ಇನ್ನೊಂದು ಮಳಿಗೆ ಎಬ್ಬಿಸ್ತಾರೆ. ನನ್ನದು ತಿರುಗಾಮುರುಗಾ. ಆರು ತಿಂಗಳು ರ‍್ಯಾಕಲ್ಲಿ ಕೂರೋ ಬಾಟಲಿಗೆ ಏಳನೇ ದಿನ ಚೆಕ್. ಆ ಚೆಕ್ ಪಾಸಾಗಲು ಅಕ್ಕಿ, ಸಕ್ಕರೆ, ಎಣ್ಣೆಗೆ ಇಟ್ಟ ದುಡ್ಡು ತೆಗೀಬೇಕು. ಅದು ತೆಗೆದರೆ ಸಕ್ಕರೆ ಮೂಟೆ ಒಂದು ದಿನ ಲೇಟು. ಸಕ್ಕರೆ ಇಲ್ಲ ಅಂದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗಿ ಸಕ್ಕರೆ ಜೊತೆ ಬೇಳೆ, ಸೋಪು ಎಲ್ಲ ಅಲ್ಲೇ ತಗೋತಾನೆ. ನಗದು ಕೊಟ್ಟು ಲಾರಿ ಲೆಕ್ಕದಲ್ಲಿ ಅಕ್ಕಿ ತರುತ್ತಿದ್ದ ಅಪ್ಪನ ಅಂಗಡಿ, ನನ್ನ ಕಾಲಕ್ಕೆ ಕಡದಲ್ಲಿ ನಾಲ್ಕು ನಾಲ್ಕು ಮೂಟೆ ತರೋ ಹಾಗಾಯ್ತು. ಮೂಟೆಗೆ ಅಷ್ಟು ಜಾಸ್ತಿ ಬೆಲೆ. ಕೊರತೆ ಬಿದ್ದಾಗೆಲ್ಲ ಬ್ಯಾಂಕಿನ ಓ.ಡಿ.ಯಿಂದ (ಓವರ್ ಡ್ರಾಫ್ಟ್ ಸಾಲದಿಂದ) ತೆಗೆಯೋದು, ಬಡ್ಡಿ ಕಟ್ಟೋದು.

ಸೇಲ್ಸ್‌ಮನ್‌ಗಳಿಗೆ ನಾನು ಹಬ್ಬ. "ಸರ್, ಒಂದು ಕೇಸ್ ಹಾಕ್ಕೊಳ್ಳಿ, ಡಿಸ್‌ಪ್ಲೇ ದುಡ್ಡು ಕೊಡಿಸ್ತೀನಿ" ಅನ್ನೋರು. ಡಿಸ್‌ಪ್ಲೇ ದುಡ್ಡು, ಅಂದರೆ ಸಾಮಾನು ಎದ್ದು ಕಾಣೋ ಹಾಗೆ ಇಟ್ಟದ್ದಕ್ಕೆ ಕಂಪನಿ ಕೊಡೋದು, ಬರ್ತಿತ್ತು, ಸಣ್ಣ ಮೊತ್ತ. ಕೇಸ್ ಮಾತ್ರ ಅಲ್ಲೇ ಕೂತಿರ್ತಿತ್ತು. ಶಾಂಪೂ ರ‍್ಯಾಕು ಒಂದನ್ನೇ ಹೇಳ್ತೀನಿ. ಹೊಟ್ಟಿಗೆ ಒಂದು, ಉದುರೋದಕ್ಕೆ ಒಂದು, ಕಪ್ಪಿಗೆ ಒಂದು, ಒಂದೊಂದರಲ್ಲೂ ಮೂರು ಸೈಜು. ಕಣ್ಣಿಗೆ ಚೆನ್ನಾಗಿರಲ್ಲ ಅಂತ ಮುಂಚೆ ನೇತುಹಾಕುತ್ತಿದ್ದ ಸ್ಯಾಶೆ ಸರಗಳನ್ನು ತೆಗೆಸಿದ್ದೆ. ಬಂದ ಹೆಂಗಸರು ಆ ಬಾಟಲಿಗಳ ಮುಂದೆ ನಿಂತು ಹಿಂದೆ ಮುಂದೆ ನೋಡಿ, "ಒಂದು ರೂಪಾಯಿದು ಇಲ್ವಾ?" ಅಂತ ಕೇಳೋರು. ಇಲ್ಲ ಅಂತಿದ್ದೆ. ರಾತ್ರಿ ಷಟರ್ ಅರ್ಧ ಎಳೆದು, ಒಂದೊಂದೇ ಪ್ಯಾಕೆಟ್ ತಿರುಗಿಸಿ ಡೇಟ್ ನೋಡೋದು, ಹತ್ತಿರ ಬಂದಿದ್ದನ್ನು ಮುಂದಕ್ಕೆ ಎಳೆದಿಡೋದು, ಮುಗಿದಿದ್ದನ್ನು ರಟ್ಟಿನ ಡಬ್ಬಿಗೆ ಹಾಕೋದು. ವಾಪಸ್ ತಗೋತೀನಿ ಅಂದಿದ್ದ ಡಿಸ್ಟ್ರಿಬ್ಯೂಟರ್ ಒಬ್ಬರು ಏಜೆನ್ಸಿಯನ್ನೇ ಬಿಟ್ಟುಬಿಟ್ಟಿದ್ದರು.

ನನಗೆ ಈಗಲೂ ನಗು ಬರೋದು ಯಾವುದಕ್ಕೆ ಗೊತ್ತಾ? ನಾನು ಯಾರನ್ನು ನಕಲು ಮಾಡ್ತಿದ್ದೀನಿ ಅಂದುಕೊಂಡಿದ್ದೆನೋ ಅವರು ಬೆಳೆದದ್ದೇ ಉಲ್ಟಾ ದಾರಿಯಲ್ಲಿ. ಆಲ್ಡಿಯ ಕಥೆ ನಾನು ಓದಿದ್ದು ಅಂಗಡಿ ಮುಳುಗಿದ ಮೇಲೆ. ಜರ್ಮನಿಯ ಎಸೆನ್‌ನಲ್ಲಿ ತಾಯಿ 1913ರಲ್ಲಿ ತೆರೆದ ಸಣ್ಣ ದಿನಸಿ ಅಂಗಡಿಯನ್ನು ಕಾರ್ಲ್ ಮತ್ತು ಥಿಯೋ ಆಲ್ಬ್ರೆಕ್ಟ್ ಅನ್ನೋ ಅಣ್ಣತಮ್ಮ ಎರಡನೇ ಮಹಾಯುದ್ಧ ಮುಗಿದ ಮೇಲೆ ವಹಿಸಿಕೊಂಡರು. ಕೈಯಲ್ಲಿ ಬಂಡವಾಳ ಇಲ್ಲ, ಹಾಗಾಗಿ ಕೆಲವೇ ಸಾಮಾನು ಇಟ್ಟರು. ಬೇಗ ಖಾಲಿಯಾಗೋದು ಮಾತ್ರ. ದುಡ್ಡು ಬಂದ ಮೇಲೂ ಹಾಗೇ ಮುಂದುವರಿಸಿದರು. ಸಿಗರೇಟು ಇಡಬೇಕಾ ಬೇಡವಾ ಅನ್ನೋ ಜಗಳಕ್ಕೆ 1960ರ ಹೊತ್ತಿಗೆ ಕಂಪನಿಯನ್ನೇ ಉತ್ತರ, ದಕ್ಷಿಣ ಅಂತ ಎರಡು ಪಾಲು ಮಾಡಿಕೊಂಡರು. ಒಂದು ಐಟಂ ಸೇರಿಸೋಕೆ ಅಷ್ಟು ಯೋಚನೆ! ನಾನು ಒಂದು ಕಪ್ ಟೀ ಕುಡಿಯೋದರೊಳಗೆ ಹತ್ತು ಐಟಂ ಒಪ್ಪಿಕೊಳ್ತಿದ್ದೆ.

ಅಮೆರಿಕದ ಸಾಧಾರಣ ಸೂಪರ್ ಮಾರ್ಕೆಟ್‌ನಲ್ಲಿ 30,000ದಷ್ಟು ಐಟಂ ಇದ್ದರೆ ಆಲ್ಡಿಯಲ್ಲಿ ಎರಡು ಸಾವಿರದ ಆಸುಪಾಸು. ಹೆಚ್ಚಿನದು ಸ್ವಂತ ಬ್ರ್ಯಾಂಡು. ಒಂದೇ ಬಗೆಯ ಕೆಚಪ್ ಅಂದಾಗ ಆ ಒಂದನ್ನು ಎಷ್ಟು ಲಾರಿ ಕೊಳ್ಳಬಹುದು ಯೋಚಿಸಿ, ಬೆಲೆ ಅಲ್ಲೇ ಇಳಿಯುತ್ತೆ. ಪೆಟ್ಟಿಗೆ ಸಮೇತ ರ‍್ಯಾಕಿಗೆ ಇಡ್ತಾರೆ, ಜೋಡಿಸೋಕೆ ಆಳು ಬೇಡ. ಬಾರ್‌ಕೋಡ್ ಪ್ಯಾಕೆಟ್ಟಿನ ಹಲವು ಬದಿಗೆ ಅಚ್ಚು ಮಾಡಿಸ್ತಾರೆ, ಬಿಲ್ ಹಾಕೋರು ತಿರುಗಿಸಿ ಹುಡುಕೋ ಹಾಗಿಲ್ಲ. ಟ್ರಾಲಿಗೆ ನಾಣ್ಯ ಹಾಕಬೇಕು, ಗಿರಾಕಿಯೇ ವಾಪಸ್ ತಂದು ನಿಲ್ಲಿಸ್ತಾನೆ. ವಾಲ್‌ಮಾರ್ಟ್ 1997ರಲ್ಲಿ ಆ ಜರ್ಮನಿಗೆ ಹೋಗಿ ಇಂಥವರ ಬೆಲೆ ಎದುರು ನಿಲ್ಲೋಕಾಗದೆ 2006ರಲ್ಲಿ ಮಳಿಗೆಗಳನ್ನು ಮೆಟ್ರೋಗೆ ಮಾರಿ ಬಂತು. ಹಾಗಂತ ವಾಲ್‌ಮಾರ್ಟ್ ಏನು ದಡ್ಡರದ್ದಲ್ಲ. ಸ್ಯಾಮ್ ವಾಲ್ಟನ್ 1962ರಲ್ಲಿ ಶುರು ಮಾಡಿದ್ದೇ ಆರ್ಕನ್ಸಾಸ್‌ನ ರೋಜರ್ಸ್ ಅನ್ನೋ ಸಣ್ಣ ಊರಲ್ಲಿ. ಗೋಡೌನಿಂದ ಲಾರಿ ಒಂದೇ ದಿನದಲ್ಲಿ ಹೋಗಿ ಬರೋಷ್ಟು ದೂರದೊಳಗೆ ಅಂಗಡಿಗಳನ್ನು ಒತ್ತೊತ್ತಾಗಿ ತುಂಬುತ್ತಾ ಹೋದರು. ಒಂಟಿ ಅಂಗಡಿ ಇಟ್ಟುಕೊಂಡು ಅದನ್ನು ನಕಲು ಮಾಡೋಕೆ ಬರಲ್ಲ, ನಿಮಗೂ ಬರಲ್ಲ. ಐಟಂ ಕಡಿಮೆ ಮಾಡೋದಕ್ಕೆ ಮಾತ್ರ ಯಾರ ಅಪ್ಪಣೆಯೂ ಬೇಡ.

ಇನ್ನೊಂದು ನಷ್ಟ ಯಾವ ಲೆಕ್ಕದಲ್ಲೂ ಕಾಣಲ್ಲ. ಆಲೂರು, ಸಕಲೇಶಪುರ ಕಡೆಯ ಕಾಫಿ ತೋಟಗಳ ಲೆಕ್ಕ ನೋಡೋ ರೈಟರ್‌ಗಳು ಅಪ್ಪನ ಹತ್ತಿರ ಬರುತ್ತಿದ್ದರು. ಲೈನ್ ಮನೆಗಳಲ್ಲಿರೋ ತೋಟದ ಕೆಲಸಗಾರರ ಸಾಮಾನಿನ ಚೀಟಿ ಬೆಳಿಗ್ಗೆ ಕೌಂಟರ್ ಮೇಲೆ ಇಟ್ಟು, ಬ್ಯಾಂಕು, ಗ್ಯಾರೇಜು, ಗೊಬ್ಬರದಂಗಡಿ ಅಂತ ತಿರುಗಿ, ಸಂಜೆ ಜೀಪ್ ತಂದು ನಿಲ್ಲಿಸಿದರೆ ಮನೆ ಮನೆಯ ಹೆಸರು ಬರೆದ ಮೂಟೆ ರೆಡಿ ಇರುತ್ತಿತ್ತು. ನಾನು ಕೌಂಟರ್ ತೆಗೆಸಿದ ಮೇಲೆ ಒಬ್ಬ ರೈಟರ್ ಚೀಟಿ ಹಿಡ್ಕೊಂಡು ಬಂದರು. ಬಿಲ್ಲಿಂಗ್ ಹುಡುಗಿ ಅವರ ಕೈಗೆ ಬುಟ್ಟಿ ಕೊಟ್ಟಳು. ಇಪ್ಪತ್ತು ಮನೆ ರೇಷನ್ನಿಗೆ ಒಂದು ಪ್ಲಾಸ್ಟಿಕ್ ಬುಟ್ಟಿ. ಅವರು ಅದನ್ನು ಮೆಲ್ಲಗೆ ವಾಪಸ್ ಇಟ್ಟು ಹೋದವರು ಮತ್ತೆ ಬರಲಿಲ್ಲ.

ಈಗ ಅರ್ಧ ಜಾಗ ಬಾಡಿಗೆಗೆ ಕೊಟ್ಟಿದ್ದೀನಿ. ಉಳಿದರ್ಧದಲ್ಲಿ ಕೌಂಟರ್ ವಾಪಸ್ ಬಂದಿದೆ, ಸ್ಯಾಶೆ ಸರಗಳೂ ನೇತಾಡ್ತಿವೆ. ಚೀಟಿಗಳು ವಾಟ್ಸಾಪಲ್ಲಿ ಬರುತ್ತವೆ. ಹೊಸ ಐಟಂ ಒಂದು ಒಳಗೆ ಬರಬೇಕಾದರೆ ಹಳೇದು ಒಂದು ಹೊರಗೆ ಹೋಗಬೇಕು. ಸಕ್ಕರೆ, ಎಣ್ಣೆ, ಅಕ್ಕಿ ಅಕ್ಕಪಕ್ಕದ ಮೂರು ಅಂಗಡಿಯವರು ಸೇರಿ ತರಿಸ್ತೀವಿ. ಇದೂ ನಮ್ಮ ಕಂಡುಹಿಡಿತ ಅಲ್ಲ. ಹಾಲೆಂಡಿನಲ್ಲಿ 1932ರಲ್ಲಿ ಆದ್ರಿಯಾನ್ ವಾನ್ ವೆಲ್ ಅನ್ನೋ ಸಗಟು ವ್ಯಾಪಾರಿ ಬಿಡಿಬಿಡಿ ಅಂಗಡಿಯವರನ್ನು ಒಟ್ಟು ಮಾಡಿ ಕಟ್ಟಿದ್ದೇ ಸ್ಪಾರ್, ಇವತ್ತು 40ಕ್ಕೂ ಹೆಚ್ಚು ದೇಶಗಳಲ್ಲಿದೆ. ನೀವು ಬಹುರಾಷ್ಟ್ರೀಯ ಕಂಪನಿಯಿಂದ ಏನಾದರೂ ಕಲೀಲೇಬೇಕು ಅಂದರೆ ಇದನ್ನು ಕಲೀರಿ. ನಮ್ಮ ಮೂವರಲ್ಲಿ ಲಾರಿಯವನಿಗೆ ದುಡ್ಡು ಮೊದಲು ಯಾರು ಹಾಕಬೇಕು ಅನ್ನೋ ಜಗಳ ತಿಂಗಳಿಗೊಮ್ಮೆಯಾದರೂ ಇದ್ದೇ ಇದೆ, ಅದು ಬೇರೆ ವಿಷಯ.

ಫ್ರಾಂಚೈಸಿ ತಗೋಬಹುದಾ ಅಂತಲೂ ಕೇಳಿದ್ದೀರಿ. ನಾನು ತಗೊಂಡಿಲ್ಲ, ಹೆಚ್ಚು ಹೇಳಲ್ಲ. ಡೇಟ್ ಮುಗಿದ ಮಾಲು ಯಾರ ತಲೆಗೆ, ಯಾವ ಐಟಂ ಇಡಬೇಕು ಅಂತ ಯಾರು ತೀರ್ಮಾನ ಮಾಡೋದು, ಈ ಎರಡನ್ನು ಕರಾರು ಪತ್ರದಲ್ಲಿ ಹುಡುಕಿ. ಎರಡಕ್ಕೂ ಉತ್ತರ ನಿಮಗೆ ವಿರುದ್ಧ ಇದ್ದರೆ ಎದ್ದು ಬನ್ನಿ. ಕಟ್ಟಡ ಬಾಡಿಗೆಗೆ ಕೊಟ್ಟು ಆರಾಮಾಗಿರೋದು ನಿಮ್ಮ ಮೂರನೇ ಆಯ್ಕೆ. ಅಂಗಡಿ ಇಷ್ಟ ಇಲ್ಲದಿದ್ದರೆ ಅದೇ ಮಾಡಿ, ಅದರಲ್ಲಿ ನಾಚಿಕೆ ಏನಿಲ್ಲ.

ಅದಕ್ಕೂ ಮುಂಚೆ ಒಂದು ಕೆಲಸ. ನಿಮ್ಮ ತಂದೆಯ ಜೊತೆ ಒಂದು ಭಾನುವಾರ ಮಧ್ಯಾಹ್ನ ಕೂತು, ಅಂಗಡಿಯಲ್ಲಿರೋ ಒಂದೊಂದು ಸಾಮಾನು ತಂದು ಎಷ್ಟು ದಿನಕ್ಕೆ ಖಾಲಿಯಾಗುತ್ತೆ ಅಂತ ಕೇಳಿ ಬರ್ಕೊಳ್ಳಿ. ಕಂಪ್ಯೂಟರ್ ಬೇಕಿಲ್ಲ, ಅವರು ಬಾಯಲ್ಲೇ ಹೇಳ್ತಾರೆ. ಒಂದು ತಿಂಗಳು ದಾಟಿದ್ದಕ್ಕೆಲ್ಲ ಗೀಟು ಹಾಕಿ. ಆ ಸಾಮಾನುಗಳ ಬೆಲೆ ಕೂಡಿಸಿದರೆ ಬರೋ ಮೊತ್ತವನ್ನು ಬ್ಯಾಂಕಿನವರು ಕೊಡ್ತೀನಿ ಅಂದ ಸಾಲದ ಪಕ್ಕದಲ್ಲಿ ಬರೆದು ನೋಡಿ. ಆಮೇಲೂ ಸಾಲ ಬೇಕು ಅನ್ನಿಸಿದರೆ ಇಲ್ಲೇ ಕಾಮೆಂಟಲ್ಲಿ ಹಾಕಿ, ಲೆಕ್ಕ ನೋಡೋಣ.