ಅಪ್ಪನ ಚಟ ನನ್ನ ಹಣೆಬರಹವಾ?

ಪ್ರಿಯ ಓದುಗರೇ,

ದಾವಣಗೆರೆಯಿಂದ ನೀವು ಬರೆದ ನಾಲ್ಕು ಪುಟದ ಪತ್ರ ಕೈಸೇರಿತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ನಿಮ್ಮ ತಂದೆ ಕುಡಿದು ಕುಡಿದು ಲಿವರ್ ಹಾಳಾಗಿ 52ಕ್ಕೇ ತೀರಿಕೊಂಡರು. ನಿಮಗೀಗ 36. ಐದು ವರ್ಷದಿಂದ ದಿನಾ ಕುಡಿಯುತ್ತಿದ್ದೀರಿ. ಬೆಳಿಗ್ಗೆ ಕೈ ನಡುಗುತ್ತದೆ, ಒಂದು ಗುಟುಕು ಒಳಗೆ ಹೋಗದೆ ಶೇವ್ ಮಾಡಲೂ ಆಗುವುದಿಲ್ಲ. ಮಗಳ ಶಾಲೆ ಫೀಸಿನ ದುಡ್ಡೂ ಬಾರಿಗೇ ಹೋಯಿತು. "ಇದು ನಮ್ಮ ರಕ್ತದಲ್ಲೇ ಇದೆಯಾ ಸಾರ್?" ಎಂದು ಕೇಳಿದ್ದೀರಿ. ಬರುವ ಅಮಾವಾಸ್ಯೆಯಿಂದ ಕೋಣೆ ಬಾಗಿಲು ಹಾಕಿಕೊಂಡು ಒಬ್ಬನೇ ಬಿಟ್ಟುಬಿಡ್ತೀನಿ ಎಂದೂ ಬರೆದಿದ್ದೀರಿ.

ಆ ಕೊನೆಯ ಮಾತಿಗೇ ಮೊದಲು ಉತ್ತರ. ದಯವಿಟ್ಟು ಹಾಗೆ ಮಾಡಬೇಡಿ. ಬೆಳಿಗ್ಗೆ ಕೈ ನಡುಗುವಷ್ಟು ಮೈಗೆ ಒಗ್ಗಿದ ಕುಡಿತವನ್ನು ಒಮ್ಮೆಲೇ ನಿಲ್ಲಿಸಿದರೆ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಆಮೇಲಿನ ಒಂದೆರಡು ದಿನದಲ್ಲಿ ಇಲ್ಲದ್ದು ಕಾಣುವುದು, ದಿಕ್ಕು ತಪ್ಪುವುದು ಶುರುವಾಗಬಹುದು. ಜೀವಕ್ಕೇ ಅಪಾಯ. ವೈದ್ಯರು ಮಾತ್ರೆ ಕೊಟ್ಟು, ದಿನದಿನಕ್ಕೆ ಅದನ್ನು ಇಳಿಸುತ್ತಾ, ಬಿ1 ವಿಟಮಿನ್ ಕೊಟ್ಟು ಇದನ್ನು ದಾಟಿಸುತ್ತಾರೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಪತ್ರಿಕೆ ಬರುವಷ್ಟರಲ್ಲಿ ತಡವಾಗಬಾರದೆಂದು ಈ ಉತ್ತರವನ್ನು ಅಂಚೆಯಲ್ಲೂ ಕಳಿಸಿದ್ದೇನೆ.

ಈಗ ರಕ್ತದ ಮಾತು. 1973ರಲ್ಲಿ ಡೆನ್ಮಾರ್ಕ್‌ನ ಒಂದು ಅಧ್ಯಯನ ಪ್ರಕಟವಾಯಿತು. ಕುಡುಕ ತಂದೆ ಅಥವಾ ತಾಯಿಗೆ ಹುಟ್ಟಿ, ಹಸುಗೂಸಾಗಿದ್ದಾಗಲೇ ಬೇರೆ ಮನೆಗೆ ದತ್ತು ಹೋದ 55 ಗಂಡಸರನ್ನು ನೋಡಿದರು. 10 ಮಂದಿ ಕುಡಿತದ ರೋಗಿಗಳಾಗಿದ್ದರು. ಹಾಗೆಯೇ ದತ್ತು ಹೋದ, ಆದರೆ ಹೆತ್ತವರಿಗೆ ಆ ಚಟ ಇಲ್ಲದ 78 ಮಂದಿಯಲ್ಲಿ 4 ಜನ ಮಾತ್ರ. ಅಂದರೆ ರಕ್ತದಲ್ಲಿ ಏನೋ ಇದೆ, ಸುಳ್ಳಲ್ಲ. ಆದರೆ ಆ 55ರಲ್ಲಿ ಉಳಿದ 45 ಮಂದಿಯನ್ನೂ ಲೆಕ್ಕಕ್ಕೆ ತಗೊಳ್ಳಬೇಕು, ಅಲ್ವಾ?

"ಎಷ್ಟು ಕುಡಿದರೂ ನನಗೆ ಏರಲ್ಲ" ಎಂದು ಸ್ವಲ್ಪ ಹೆಮ್ಮೆಯಿಂದಲೇ ಬರೆದಿದ್ದೀರಿ. ಅಮೆರಿಕದ ಮನೋವೈದ್ಯ ಮಾರ್ಕ್ ಶುಕಿಟ್ ಈ ಬಗ್ಗೆ ದಶಕಗಟ್ಟಲೆ ಕೆಲಸ ಮಾಡಿದ್ದಾರೆ. ಕುಡುಕರ ಮಕ್ಕಳಲ್ಲಿ ಜಾಸ್ತಿ ಜನರಿಗೆ ಬೇಗ ಏರುವುದಿಲ್ಲ, ಅಂಥವರೇ ಮುಂದೆ ಚಟಕ್ಕೆ ಬೀಳುವುದು ಹೆಚ್ಚು ಎಂದು ಅವರು ಕಂಡುಕೊಂಡರು. ಸಾಕು ಎಂದು ಮೈ ಹೇಳುವಷ್ಟರಲ್ಲಿ ಅರ್ಧ ಬಾಟಲಿ ಖಾಲಿಯಾಗಿರುತ್ತದೆ.

ನನಗೂ ಏರುತ್ತಿರಲಿಲ್ಲ. ನಮ್ಮಪ್ಪ ಪ್ಯಾಕೆಟ್ ಸಾರಾಯಿ ಕುಡಿಯುತ್ತಿದ್ದರು. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಾಗ ಅಮ್ಮ ದೇವರಿಗೆ ದೀಪ ಹಚ್ಚಿದ್ದಳು. ನಾನು ಆಗಲೇ ಮನೆಯಲ್ಲಿ ಕೂತು, ಗ್ಲಾಸಿಗೆ ಹಾಕಿಕೊಂಡು ರಮ್ ಕುಡಿಯುತ್ತಿದ್ದೆ. ಅಪ್ಪನ ಹಾಗೆ ಮೋರಿಯಲ್ಲಿ ಬಿದ್ದಿಲ್ಲ, ಹೆಂಡತಿಗೆ ಹೊಡೆದಿಲ್ಲ. ಹಾಗಾಗಿ ನಾನು ಸರಿಯಾಗಿದ್ದೇನೆ ಅಂದುಕೊಂಡೆ. ಅಪ್ಪನನ್ನೇ ಅಳತೆಗೋಲು ಮಾಡಿಕೊಂಡಿದ್ದೆ. ಅದೇ ನನ್ನ ದೊಡ್ಡ ತಪ್ಪು. ಅವರಿಗಿಂತ ಒಂದು ಮೆಟ್ಟಿಲು ಮೇಲಿದ್ದರೆ ಸಾಕು ಎಂದುಕೊಂಡೇ ಹತ್ತು ವರ್ಷ ಕಳೆದೆ.

ಬಿಟ್ಟ ಮೇಲೂ ಒಮ್ಮೆ ಜಾರಿದೆ. ಏಳು ತಿಂಗಳಾಗಿತ್ತು, ಒಂದು ಮದುವೆ ಮನೆ, "ಒಂದೇ ಪೆಗ್" ಅಂದರು. ಮೂರು ದಿನ ಮನೆಗೆ ಹೋಗಲಿಲ್ಲ. ಡಾಕ್ಟರು ಬೈಯಲಿಲ್ಲ. ಎಷ್ಟು ಗಂಟೆಗೆ, ಯಾರ ಜೊತೆ, ಊಟ ಆಗಿತ್ತಾ, ಹಿಂದಿನ ರಾತ್ರಿ ನಿದ್ದೆ ಬಂದಿತ್ತಾ ಎಂದು ಒಂದೊಂದೇ ಕೇಳಿ ಬರೆಸಿದರು. ಆ ಹಾಳೆ ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಹಸಿದ ಹೊಟ್ಟೆಯಲ್ಲಿ ನಾನು ಯಾವ ಸಮಾರಂಭಕ್ಕೂ ಹೋಗುವುದಿಲ್ಲ. ನೀವೂ ಜಾರಬಹುದು. ಜಾರಿದರೆ ನಾಚಿಕೆಯಿಂದ ಅಡಗಿ ಕೂರಬೇಡಿ, ಮರುದಿನವೇ ಡಾಕ್ಟರ ಹತ್ತಿರ ಹೋಗಿ.

ಫೀಸಿನ ವಿಷಯ ಹೆಂಡತಿಗೆ ಇನ್ನೂ ಹೇಳಿಲ್ಲ ಎಂದಿದ್ದೀರಿ. ಆಸ್ಪತ್ರೆಗೆ ಹೋಗುವ ಮುಂಚೆ ಹೇಳಿಬಿಡಿ. ನಾನು ಎಲ್ಲವನ್ನೂ ಹೇಳಿದ ರಾತ್ರಿ ನನ್ನ ಹೆಂಡತಿ ಏನೂ ಮಾತಾಡಲಿಲ್ಲ. ಎದ್ದು ಹೋಗಿ ಪುಸ್ತಕದ ಬೀರುವಿನ ಹಿಂದಿದ್ದ ಬಾಟಲಿ ತಂದು ನನ್ನ ಮುಂದೆ ಇಟ್ಟಳು. ಅದು ಅಲ್ಲಿರುವುದು ಅವಳಿಗೆ ಎರಡು ವರ್ಷದಿಂದ ಗೊತ್ತಿತ್ತು. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಇಬ್ಬರೂ ಆಸ್ಪತ್ರೆಗೆ ಹೋದೆವು.

ನಿಮ್ಮ,
ಸಂಪಾದಕ