ಒಂಬತ್ತು ಪಾತ್ರ, ಒಂದೇ ಗಂಟಲು

ಪ್ರಶ್ನೆ: ಮಕ್ಕಳ ಆಡಿಯೊಬುಕ್ ಓದಬೇಕಿದ್ದವರು ಕೈಕೊಟ್ಟಿದ್ದರಿಂದ ನನ್ನನ್ನು ಕರೆದಿದ್ದಾರೆ. 60 ಪುಟ, ನಾಡಿದ್ದೇ ರೆಕಾರ್ಡಿಂಗ್. ಆನೆ, ನರಿ, ಗುಬ್ಬಿ, ಅಜ್ಜಿ ಎಲ್ಲ ಸೇರಿ 9 ಪಾತ್ರ. 9 ದನಿ ತೆಗೆಯುವುದು ಹೇಗೆ?
– ಶಿಕ್ಷಕಿ, ಹಾಸನ

ತೆಗೆಯಬೇಡಿ. ಇದನ್ನು ಕೇಳುವವರನ್ನೆಲ್ಲ ‘ಪುಸ್ತಕ ಕೊನೆತನಕ ಓದಿದಿರಾ?’ ಎಂದರೆ ಹೆಚ್ಚಿನವರು ಇಲ್ಲ ಅನ್ನುತ್ತಾರೆ. ಅದು ನನಗೆ ಸಿಟ್ಟು ತರಿಸುತ್ತದೆ. ಇವತ್ತು ರಾತ್ರಿ ಅದೊಂದೇ ಕೆಲಸ ಮಾಡಿ, ಗಟ್ಟಿಯಾಗಿ ಓದಿ. 3ನೇ ಪುಟದಲ್ಲಿ ನರಿಗೆ ಕೀಚಲು ದನಿ ಕೊಟ್ಟಿರುತ್ತೀರಿ, 40ನೇ ಪುಟದಲ್ಲಿ ‘ನರಿ ಗೊಗ್ಗರು ದನಿಯಲ್ಲಿ ಕೂಗಿತು’ ಅಂತ ಬರುತ್ತದೆ. ಹೀಗಾಗಿ ನನ್ನದೇ ಅರ್ಧ ದಿನದ ಓದು ಹಾಳಾಗಿದೆ.

ಆನೆಗೆಂದು ಗಂಟಲು ಬಿಗಿದು ಗುಡುಗಿದರೆ ಸ್ವಲ್ಪ ಹೊತ್ತಿಗೇ ದನಿ ಒಡೆಯುತ್ತದೆ. ಸಕಲೇಶಪುರದ ಕಡೆ ಆನೆ ಸದ್ದಿಲ್ಲದೆ ತೋಟಕ್ಕೆ ಬಂದು ನಿಂತಿರುತ್ತದೆ, ಮಕ್ಕಳಿಗೂ ಗೊತ್ತು. ನಿಮ್ಮ ಆನೆಯೂ ನಿಧಾನವಾಗಿ, ಮಾತಿನ ನಡುವೆ ಉಸಿರೆಳೆದು ಮಾತಾಡಲಿ. ಗುಬ್ಬಿಗೆ ಅವಸರ ಸಾಕು. ಅಜ್ಜಿಗೆ ನಡುಗುವ ದನಿ ಯಾಕೆ? ನಿಮ್ಮ ಮನೆಮಾತೇ ಇರಲಿ. ಮುಖ್ಯ ಪಾತ್ರಗಳ ಒಂದೊಂದು ವಾಕ್ಯ ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡು, ಪ್ರತಿ ಸಲ ಓದಲು ಕೂರುವ ಮೊದಲು ಕೇಳಿ.

ಪೆನ್ಸಿಲ್ ಹಿಡಿದು ಹಕಾರಗಳಿಗೆ ಸುತ್ತು ಹಾಕಿ. ನಮ್ಮ ಕಡೆ ಅದು ಬೇಗ ಜಾರುತ್ತದೆ. ‘ಹಕ್ಕಿ ಹಾರಿತು’ ಎಂಬುದು ‘ಅಕ್ಕಿ ಆರಿತು’ ಆದರೆ ಚಿತ್ರ ನೋಡದೆ ಕೇಳುವ ಮಗುವಿಗೆ ಹಕ್ಕಿಯೇ ಸಿಗುವುದಿಲ್ಲ. ಹೆದರಿಕೊಂಡು ‘ಹಾನೆ’ ಅನ್ನಲೂ ಬೇಡಿ.

ತಪ್ಪಿದರೆ ಒಮ್ಮೆ ಚಪ್ಪಾಳೆ ತಟ್ಟಿ, ವಾಕ್ಯದ ಮೊದಲಿಂದ ಓದಿ. ಎಡಿಟ್ ಮಾಡುವವರಿಗೆ ಆ ಚಪ್ಪಾಳೆ ಪರದೆಯ ಮೇಲೆ ಮೊಳೆಯ ಹಾಗೆ ಎದ್ದು ಕಾಣುತ್ತದೆ. ಕೇಳಲು 1 ಗಂಟೆಯಾಗುವ ಓದಿಗೆ ಹೊಸಬರು ಮೈಕ್ ಮುಂದೆ 2–3 ಗಂಟೆ ಕೂರಬೇಕು. ಅಷ್ಟು ಹೊತ್ತು ಕೊಡುವುದಿಲ್ಲ ಎಂದರೆ ನಾನಾದರೆ ಒಪ್ಪುವುದಿಲ್ಲ.

ಪ್ರಶ್ನೆ: ಹಿನ್ನೆಲೆ ಸಂಗೀತವನ್ನು ನಾನೇ ಹಾಕಿ ಕೊಡಲೇ?
– ಅರಸೀಕೆರೆ

ಬೇಡ.

ಪ್ರಶ್ನೆ: ಹೆಂಚಿನ ಮನೆ, ಮಳೆ ಸದ್ದು. ಯಾವ ಮೈಕ್ ತರಲಿ?
– ಮೂಡಿಗೆರೆ

ಯಾವ ಮೈಕೂ ಮಳೆಯನ್ನು ತಡೆಯುವುದಿಲ್ಲ. ಹೊಳವಾದಾಗ, ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು, ಅದರ ಎದುರು ಕೂತು ಓದಿ.

ಪ್ರಶ್ನೆ: ರಾತ್ರಿ ಜೇನಿನಲ್ಲಿ ತಿಂದರೆ ಬೆಳಿಗ್ಗೆಗೆ ದನಿ ಇಂಪಾಗುವ ಪುಡಿ ಮಾರುತ್ತಿದ್ದಾರೆ, ತಗೊಳ್ಳಲೇ?
– ಕಡೂರು

ದುಡ್ಡು ಕೊಡಬೇಡಿ. ನುಂಗಿದ್ದು ಅನ್ನನಾಳಕ್ಕೆ ಇಳಿಯುತ್ತದೆ, ದನಿಯ ತಂತುಗಳು ಉಸಿರಿನ ದಾರಿಯಲ್ಲಿವೆ. ಪುಡಿ ಅವನ್ನು ಮುಟ್ಟುವುದೇ ಇಲ್ಲ, ನೀರಿನ ಹಬೆ ಮುಟ್ಟುತ್ತದೆ. 3 ವಾರ ಕಳೆದರೂ ದನಿ ಒಡೆದೇ ಇದ್ದರೆ ಇಎನ್‌ಟಿ ವೈದ್ಯರಿಗೆ ತೋರಿಸಿ.